ಬಲಗೈಯ ಹೆಬ್ಬೆಟ್ಟು

ಆಪರೇಷನ್ ಕೋಣೆಗೆ ಕೆಲಸಕ್ಕೆ ಸೇರಿದ ಮೊದಲ ವಾರ ಪುತಳಾಬಾಯಿ ದಿನಕ್ಕೆ ಎರಡು ಸಲ ವಾಂತಿ ಮಾಡಿಕೊಂಡಳು. ಆ ವಾಂತಿಯನ್ನೂ ಅವಳೇ ಬಳಿಯಬೇಕಾಗಿತ್ತು. ಬೇರೆ ಯಾರು ಬಳಿಯಬೇಕು? ಬಳಿಯುವುದಕ್ಕೆಂದೇ ಅವಳನ್ನು ಇಟ್ಟುಕೊಂಡಿದ್ದರು.

ಸೊಲ್ಲಾಪುರದ ಗಿರಣಿ ಚಾಳುಗಳ ಹಿಂದೆ ಇದ್ದ ಧರ್ಮಾರ್ಥ ದವಾಖಾನೆ ಅದು. ಗಿರಣಿಯ ಪಟ್ಟಕ್ಕೆ ಕೈ ಕೊಟ್ಟವರು, ಕಾಲ ಮೇಲೆ ಗಾಡಿಯ ಗಾಲಿ ಹರಿದವರು, ಸೆರಗಿಗೆ ಸ್ಟೋವಿನ ಬೆಂಕಿ ಹತ್ತಿದವರು, ಬಾವಿಗೆ ಬಿದ್ದವರು, ಬಾವಿಗೆ ನೂಕಿಸಿಕೊಂಡು ‘ಬಿದ್ದೆ’ ಎಂದು ಹೇಳುವವರು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಅಕ್ಕಲಕೋಟದ ಕಡೆಯಿಂದ, ದುಧನಿಯ ಕಡೆಯಿಂದ ಬಂಡಿಯಲ್ಲಿ, ಎಸ್.ಟಿ. ಬಸ್ಸಿನಲ್ಲಿ, ಬಾಗಿಲ ಹಲಗೆಯ ಮೇಲೆ ಹೊತ್ತು ತರುತ್ತಿದ್ದರು. ತಂದವರು ಅಂಗಳದಲ್ಲಿ ನಿಂತು ಬೀಡಿ ಹಚ್ಚುತ್ತಿದ್ದರು. ಒಳಗೆ ಪುತಳಾಬಾಯಿ ಸ್ಟೋವಿಗೆ ಪಂಪು ಹೊಡೆಯುತ್ತಿದ್ದಳು.

ಅವಳ ಊರು ಕುಂಭಾರಿ. ನಸುಕಿಗೆ ಎದ್ದು ನೀರು ತಂದು, ಆರು ಮಂದಿಗೆ ಜೋಳದ ಭಕ್ಕರಿ ಬಡಿದು, ಗಂಡನ ಡಬ್ಬಿ ಕಟ್ಟಿ, ಏಳರ ಎಸ್.ಟಿ. ಹಿಡಿಯಬೇಕು. ದವಾಖಾನೆಗೆ ಬಂದರೆ ಮತ್ತೆ ಒಲೆ, ಮತ್ತೆ ನೀರು, ಮತ್ತೆ ಬಟ್ಟೆ. ಕತ್ತರಿ, ಚಿಮಟ, ಗರಗಸಗಳನ್ನು ಕುದಿಸುವುದು, ನೆಲ ತಿಕ್ಕುವುದು, ರಕ್ತ ಕುಡಿದ ಬಟ್ಟೆಗಳನ್ನು ಒಗೆದು ಒಣಗಿಸಿ ಮಡಿಚಿ ಮತ್ತೆ ಕುದಿಸಲು ಕೊಡುವುದು. ಅವಳು ಬರುವ ಮೊದಲು ಕಂಪೌಂಡರ್ ಆ ಬಟ್ಟೆಗಳನ್ನು ನೇರ ಕುದಿಯುವ ನೀರಿಗೆ ಹಾಕಿಸುತ್ತಿದ್ದ. ಕಲೆ ಕೂತು ಬಟ್ಟೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಪುತಳಾಬಾಯಿ ಬಂದವಳೇ ಮೊದಲು ತಣ್ಣೀರಿಗೆ ಹಾಕಿದಳು. ಒಂದು ವಾರದಲ್ಲಿ ಬಟ್ಟೆ ಬೆಳ್ಳಗಾದವು.

“ಇದನ್ನ ಎಲ್ಲಿ ಕಲ್ತಿ ಮಾವಶಿ?” ಎಂದು ಕಂಪೌಂಡರ್ ಕೇಳಿದ. ದವಾಖಾನೆಯಲ್ಲಿ ಆಯಾಗಳನ್ನೆಲ್ಲ ಮಾವಶಿ ಎಂದೇ ಕರೆಯುವ ರೂಢಿ.

ಹದಿಮೂರನೆಯ ವರ್ಷದಿಂದ ತಿಂಗಳು ತಿಂಗಳೂ ಯಾರಿಗೂ ಕಾಣದಂತೆ ಒಗೆದು ಕಲಿತದ್ದು. ಅದನ್ನು ಇವನಿಗೆ ಏನೆಂದು ಹೇಳುವುದು?

“ಮನ್ಯಾಗರಿ,” ಅಂದಳು.

ಗಂಡ ಖಂಡೆಪ್ಪ ಗಿರಣಿಯಲ್ಲಿ ಮಗ್ಗದ ಖಾತೆಯಲ್ಲಿದ್ದ. ಎರಡು ವರ್ಷದ ಹಿಂದೆ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದ. ಬಂದ ದಿನವೇ ಮನೆಯಲ್ಲಿದ್ದ ದೇವರ ಪಟಗಳನ್ನೆಲ್ಲ ಇಳಿಸಿ, ಓಣಿಯಲ್ಲಿ ನಿಂತು, “ಇನ್ನ ಮ್ಯಾಲ ಯಾರೂ ಮ್ಯಾಲಿಲ್ಲ, ಯಾರೂ ಕೆಳಗಿಲ್ಲ” ಎಂದು ಹೇಳಿದಾಗ ಪುತಳಾಬಾಯಿಗೂ ಎದೆ ತುಂಬಿ ಬಂದಿತ್ತು. ಪಟಗಳ ಹಿಂದೆ ಕಟ್ಟಿದ್ದ ಜೇಡರ ಬಲೆ ಗುಡಿಸಿ, ಗೋಡೆಗೆ ಸುಣ್ಣ ಬಳಿದವಳು ಅವಳು. ಸಂಜೆ ಕೆಲಸ ಮುಗಿಸಿ ಮನೆಗೆ ಬಂದರೆ ಅದೇ ಖಂಡೆಪ್ಪ ಹೊಸ್ತಿಲಲ್ಲಿ ತಡೆಯುತ್ತಿದ್ದ. “ಅಲ್ಲೇ ನಿಂದ್ರು. ಮೊದಲ ಜಳಕಾ ಮಾಡು. ಮೈಗೆ ಹೆಣದ ವಾಸನಿ ಹೊಡೀತೈತಿ.” ಜಳಕದ ನೀರನ್ನು ಅವಳೇ ಸೇದಬೇಕು, ಅವಳೇ ಕಾಯಿಸಬೇಕು. ಜಳಕ ಮಾಡಿದ ಮೇಲೆ ಅದೇ ಕೈಯಿಂದ ಬಡಿದ ಭಕ್ಕರಿಗೆ ಯಾವ ವಾಸನೆಯೂ ಇರುತ್ತಿರಲಿಲ್ಲ.

ರಕ್ತ, ಕೀವು ಅವಳಿಗೆ ಮೂರು ತಿಂಗಳಲ್ಲಿ ರೂಢಿಯಾದವು. ಮನುಷ್ಯರು ಮಾತ್ರ ಐದು ವರ್ಷವಾದರೂ ರೂಢಿಯಾಗಲಿಲ್ಲ.

ಆಪರೇಷನ್ ಮಾಡುವವರು ರಾಚಪ್ಪ ಡಾಕ್ಟರು. ನಲವತ್ತೈದರ ಆಸುಪಾಸು, ಕುಳ್ಳು ಆಳು, ಬಾಯಿ ಜೋರು. ಕೈ ಮಾತ್ರ ಅಪ್ಪಟ ಬಂಗಾರ ಎಂದು ಊರೆಲ್ಲ ಹೇಳುತ್ತಿತ್ತು. ಅದು ಸುಳ್ಳೇನಲ್ಲ. ಹರಿದ ಹೊಟ್ಟೆಯೊಳಗೆ ಎರಡು ಬೆರಳು ಇಳಿಸಿ, ಕಣ್ಣು ಮುಚ್ಚಿಕೊಂಡು, ರಕ್ತ ಎಲ್ಲಿಂದ ಬರುತ್ತಿದೆಯೆಂದು ಹಿಡಿಯುತ್ತಿದ್ದರು. ನಿಂತ ಜಾಗ ಬಿಟ್ಟು ಕದಲದೆ ಆರು ತಾಸು ನಿಲ್ಲುತ್ತಿದ್ದರು. ಕೈ ಚಾಚಿದರೆ ಕತ್ತರಿ ಬರಬೇಕು, ಮತ್ತೆ ಚಾಚಿದರೆ ಬಟ್ಟೆ ಬರಬೇಕು, ಹಣೆ ಮುಂದೆ ಮಾಡಿದರೆ ಬೆವರು ಒರೆಸಬೇಕು. ಅವೆಲ್ಲ ಎಲ್ಲಿಂದ ಬರುತ್ತವೆ, ಯಾರು ಕುದಿಸುತ್ತಾರೆ ಎಂದು ಅವರು ಒಂದು ಸಲವೂ ತಿರುಗಿ ನೋಡಿದ್ದಿಲ್ಲ. ಒಂದು ಗಂಟೆಗೆ ಮನೆಯಿಂದ ಡಬ್ಬಿ ಬರುತ್ತಿತ್ತು, ಬಿಸಿಬಿಸಿ, ಮೇಲೆ ಒಗೆದು ಮಡಿಚಿದ ವಸ್ತ್ರ. ಆ ಡಬ್ಬಿಯನ್ನೂ ಅವರು ಹಾಗೇ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು.

ಕೊಯ್ದು ತೆಗೆದ ಬೆರಳು, ಕಾಲು, ಕೈ ತಗಡಿನ ಬಕೇಟಿಗೆ ಬೀಳುತ್ತಿದ್ದವು. ದವಾಖಾನೆಯ ಗಂಡಾಳುಗಳು ಆ ಬಕೇಟನ್ನು ಮುಟ್ಟುತ್ತಿರಲಿಲ್ಲ. ಹಿಂದಿನ ಬೇವಿನ ಮರದ ಕೆಳಗೆ ತಗ್ಗು ತೋಡಿ, ಸುಣ್ಣ ಹಾಕಿ ಮುಚ್ಚುವ ಕೆಲಸವೂ ಪುತಳಾಬಾಯಿಯ ಪಾಲಿಗೇ ಬಂದಿತ್ತು.

ಐವತ್ತೆಂಟನೆಯ ಇಸವಿ, ಕಬ್ಬು ಅರೆಯುವ ಕಾಲ. ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹನ್ನೂರಿನ ಕಾಮಣ್ಣ ತನ್ನ ಹೆಂಡತಿಯನ್ನು ಕರೆದುಕೊಂಡು ಬಂದ. ಕುರಿ ಕಾಯುವ ಮನೆತನ, ಜೊತೆಗೆ ನಾಲ್ಕು ಎಕರೆ ಹೊಲ. ಹೆಂಡತಿಯ ಹೆಸರು ಚಂದ್ರಭಾಗಾ, ಇಪ್ಪತ್ತೆರಡರ ಹುಡುಗಿ. ಅವಳು ವರಾಂಡಕ್ಕೆ ಬರುವ ಮೊದಲೇ ಅವಳ ವಾಸನೆ ಒಳಗೆ ಬಂದಿತ್ತು. ಸಾಲಿನಲ್ಲಿ ಕೂತವರು ಮೂಗಿಗೆ ಸೆರಗು, ಟೋಪಿ, ಸಿಕ್ಕಿದ್ದನ್ನು ಒತ್ತಿಕೊಂಡು ಸರಿದರು. ಎಸ್.ಟಿ.ಯಲ್ಲೂ ಹೀಗೇ ಆಯಿತಂತೆ. ಕಂಡಕ್ಟರ್ ಬಾಗಿಲ ಹತ್ತಿರ ನೆಲದ ಮೇಲೆ ಕೂರಿಸಿದನಂತೆ. ಕಾಮಣ್ಣ ಮುಂದಿನ ಸೀಟಿನಲ್ಲಿ ಕೂತು ಬಂದಿದ್ದ.

ಬಲಗೈ ಮೊಣಕೈವರೆಗೆ ತಲೆಗೆ ಸುತ್ತುವ ಹಳೆಯ ಪಟಕದ ಬಟ್ಟೆಯಲ್ಲಿ ಸುತ್ತಿತ್ತು. ರೇವಮ್ಮ ಸಿಸ್ಟರ್ ಕತ್ತರಿಯಿಂದ ಬಟ್ಟೆ ಸೀಳುತ್ತಾ ಹೋದರು. ಕೊನೆಯ ಸುತ್ತು ಬರುತ್ತಲೂ ಮುಖ ಆಚೆ ತಿರುಗಿಸಿದರು. ಒಳಗೆ ಕಂಬಳಿ ಸುಟ್ಟ ಬೂದಿ, ಅದರ ಮೇಲೆ ಬೀರೋಬಾನ ಗುಡಿಯ ಭಂಡಾರ. ಅರಿಷಿಣವೂ ಬೂದಿಯೂ ಕೀವಿನಲ್ಲಿ ಕಲೆತು ಹಸಿರುಗಟ್ಟಿದ ಕೆಸರಾಗಿತ್ತು. ಆ ಕೆಸರಿನೊಳಗೆ ಬೆರಳುಗಳು ಇದ್ದವು, ಐದೂ ಕಪ್ಪಗೆ, ಹಿಂಡಿ ಒಗೆದ ಬದನೆಕಾಯಿಯ ಹಾಗೆ. ಹುಳ ಹರಿಯುತ್ತಿದ್ದವು.

“ಯಾರು ತುಂಬ್ಯಾರ ಈ ರಾಡಿ?” ರಾಚಪ್ಪ ಡಾಕ್ಟರು ಕೂಗಿದರು. “ಎಷ್ಟ ದಿನ ಆತು?”

“ನಾಕ ದಿನರಿ ಸಾಹೇಬ್ರ,” ಕಾಮಣ್ಣ ಬಾಗಿಲಲ್ಲಿ ನಿಂತೇ ಹೇಳಿದ. “ಕಬ್ಬಿನ ಗಾಣಕ್ಕ ಕೈ ಕೊಟ್ಳರಿ. ಲಕ್ಷ್ಯ ಇಲ್ಲರಿ ಇಕಿಗೆ. ಎತ್ತ ಹಿಂದಕ್ಕ ತಿರಗ್ಸೂತನಾ ಕೈ ಒಳಗೇ ಇತ್ತರಿ.”

“ನಾಕ ದಿನ ಏನ ಮಾಡಿದಿ?”

“ಬೂದಿ ಹಾಕಿದ್ವಿ, ಭಂಡಾರ ಹಚ್ಚಿದ್ವಿ. ಕುರೀಗೂ ಅದನ್ನ ಹಾಕ್ತೀವಿ, ಮಾಯತೈತ್ರಿ.”

ಪುತಳಾಬಾಯಿ ಟರ್ಪೆಂಟೈನ್ ಹಾಕಿ, ಚಿಮಟದಿಂದ ಒಂದೊಂದೇ ಹುಳ ತೆಗೆದು ತಟ್ಟೆಗೆ ಹಾಕುತ್ತಿದ್ದಳು. ಚಂದ್ರಭಾಗಾ ಕಣ್ಣು ಮುಚ್ಚಿರಲಿಲ್ಲ. ತಟ್ಟೆಯನ್ನೇ ನೋಡುತ್ತಿದ್ದಳು.

“ನೀರು ಯಾರು ತಂದ್ರು ಈ ನಾಕ ದಿನ?” ಪುತಳಾಬಾಯಿ ಸಣ್ಣಗೆ ಕೇಳಿದಳು.

“ಮೊದಲ ಎರಡ ದಿನ ನಾನ ತಂದೆ. ಎಡಗಡಿ ಬಗಲಾಗ ಕೊಡಾ ಇಟ್ಕೊಂಡು,” ಅಂದಳು ಚಂದ್ರಭಾಗಾ. “ಮೂರನೇ ದಿನ ಚಳಿಜ್ವರ ಬಂತು. ಎದ್ದು ನಿಂದ್ರಾಕ ಆಗಲಿಲ್ಲ.”

ಹಾಗಾದರೆ ಕೈ ಕೊಳೆತದ್ದಕ್ಕೆ ಇವಳನ್ನು ತರಲಿಲ್ಲ, ನೀರು ನಿಂತದ್ದಕ್ಕೆ ತಂದಿದ್ದಾರೆ ಎಂದುಕೊಂಡಳು ಪುತಳಾಬಾಯಿ.

ಡಾಕ್ಟರು ಕಡ್ಡಿಗೆ ನೇರಳೆ ಔಷಧ ಅದ್ದಿ, ಕಪ್ಪು ಮುಗಿದ ಜಾಗದಿಂದ ತುಸು ಮೇಲೆ, ಮಣಿಕಟ್ಟಿನಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ, ತೋಳಿನ ಸುತ್ತ ಒಂದು ಗೆರೆ ಎಳೆದರು.

“ನೋಡಪಾ ಕಾಮಣ್ಣ. ಈ ಕೈ ಸತ್ತೈತಿ. ಇದರ ವಿಷ ಮ್ಯಾಲ ಏರಾಕತ್ತೈತಿ. ಈಗ ಕೊಯ್ದರ ಮೊಣಕೈ ಉಳೀತೈತಿ. ಸಂಜೀಗೆ ಅಂದ್ರ ಮೊಣಕೈನೂ ಹೋಗತೈತಿ. ನಾಳಿ ಅಂದ್ರ ಹೆಂಡ್ತಿನೇ ಹೋಗ್ತಾಳ. ಒಪ್ಪಿಗಿ ಕಾಗದಕ್ಕ ಹೆಬ್ಬೆಟ್ಟ ಒತ್ತು.”

ಕಾಮಣ್ಣ ಹೆಂಡತಿಯ ಕಡೆ ನೋಡಲಿಲ್ಲ. ಡಾಕ್ಟರ ಬೂಟು ನೋಡಿದ.

“ಕೈ ಇಲ್ಲದಾಕಿನ್ನ ಒಯ್ದು ಏನ ಮಾಡ್ಲಿರಿ? ಹನ್ನೊಂದ ಮಂದಿ ಉಣ್ಣಾವ್ರು ನಮ್ಮ ಮನ್ಯಾಗ. ಅವ್ವಗ ಕಣ್ಣ ಕಾಣ್ಸೂದಿಲ್ಲ. ಭಕ್ಕರಿ ಯಾರು ಬಡೀಬೇಕು? ಹಾಲು ಯಾರು ಹಿಂಡಬೇಕು?”

“ಹೆಂಡ್ತಿ ಸತ್ತರ ಹೆಣ ಬಡೀತೈತೇನು ಭಕ್ಕರಿ?”

“ಹಂಗ ಅನಬ್ಯಾಡ್ರಿ ಸಾಹೇಬ್ರ. ನಮ್ಮಪ್ಪ ಮರೆಪ್ಪ ಹೇಳಿ ಕಳಿಸ್ಯಾನರಿ, ಕೊಯ್ಯೂದು ಅಂದ್ರ ಬೀರೋಬಾನ ಕೌಲ ಆಗಬೇಕು ಅಂತ. ದೇವರ ಮೈಗೆ ಹೂ ಹಚ್ಚಿ ಕುಂದರ್ತೀವಿ. ಬಲಕ್ಕ ಬಿದ್ದರ ಕೊಯ್ರಿ. ಎಡಕ್ಕ ಬಿದ್ದರ ಬ್ಯಾಡ.”

“ಎಷ್ಟೊತ್ತಿಗೆ ಬರ್ತಿ?”

“ನಾಳಿ ಮಧ್ಯಾಹ್ನದ ಎಸ್.ಟಿ.ಗೆ.”

ರಾಚಪ್ಪ ಡಾಕ್ಟರು ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕೆ ಬಡಿದರು. ಹುಳ, ಬೂದಿ, ಕೀವು ಎಲ್ಲ ನೆಲದ ತುಂಬ ಚೆಲ್ಲಿದವು. ಬಡಿದು ಹೊರಗೆ ಹೋದರು. ಕಾಮಣ್ಣನೂ ಹೋದ. ಪುತಳಾಬಾಯಿ ಚಿಂದಿ ಬಟ್ಟೆ ತಂದು ನೆಲಕ್ಕೆ ಕೂತಳು. ಗಂಡಸರ ಸಿಟ್ಟನ್ನೂ ಕೊನೆಗೆ ಒರೆಸುವವಳು ತಾನೇ.

ಚಂದ್ರಭಾಗಾಳ ಕೈಗೆ ಮಣಿಕಟ್ಟಿನವರೆಗೆ ಪಟ್ಟಿ ಸುತ್ತಿ ವರಾಂಡದ ಮೂಲೆಯಲ್ಲಿ ಕೂರಿಸಿದರು. ಆಮೇಲೆ ಎರಡು ತಾಸು ಅವಳ ಹತ್ತಿರ ಕೂರಲು ಯಾರಿಗೂ ಪುರುಸೊತ್ತಾಗಲಿಲ್ಲ. ಗಿರಣಿಯಿಂದ ಒಬ್ಬನನ್ನು ತಂದರು. ಮಗ್ಗದಿಂದ ಹಾರಿದ ಲಾಳಿಯ ಮೊನೆ ಅವನ ಕುತ್ತಿಗೆಗೆ ಹೊಕ್ಕಿತ್ತು. ಡಾಕ್ಟರು ಕುತ್ತಿಗೆಯ ನಾಳ ಹಿಡಿದುಕೊಂಡು ನಿಂತರು. ರೇವಮ್ಮ ಸಿಸ್ಟರ್ ಮೂಗಿನ ಮೇಲೆ ಈಥರ್ ಹನಿಸಿದರು. ಪುತಳಾಬಾಯಿ ದೀಪ ಹಿಡಿದಳು, ಬಟ್ಟೆ ಕೊಟ್ಟಳು, ತೊಯ್ದದ್ದನ್ನು ತೆಗೆದು ಒಣಗಿದ್ದು ಕೊಟ್ಟಳು. ಅವಳ ಮೊಣಕೈವರೆಗೆ ಬಿಸಿ ರಕ್ತ ಹರಿಯಿತು. “ಬಟ್ಟಿ! ಬಟ್ಟಿ! ಸತ್ತೀಯೇನ ಮಾವಶಿ?” ಎಂದು ಡಾಕ್ಟರು ಅರಚಿದರು. ಅವನು ಬದುಕಿದ. ಹೊರಗೆ ಅವನ ಜೊತೆಯವರು ಡಾಕ್ಟರ ಕಾಲಿಗೆ ಬಿದ್ದರು.

ಆ ನಡುವೆ ಎರಡು ಸಲ ನೀರು ತರುವ ನೆವದಲ್ಲಿ ಪುತಳಾಬಾಯಿ ವರಾಂಡದ ಮೂಲೆಗೆ ಹೋಗಿ ಚಂದ್ರಭಾಗಾಳ ತೋಳು ನೋಡಿದಳು. ಮೊದಲ ಸಲ ಚರ್ಮದ ಕಪ್ಪು ಆ ನೇರಳೆ ಗೆರೆಯನ್ನು ಮುಟ್ಟಿತ್ತು. ಎರಡನೆಯ ಸಲ ಗೆರೆ ಕಪ್ಪಿನೊಳಗೆ ಮುಳುಗಿ, ಅದರಾಚೆ ಎರಡು ಬೆರಳಿನಷ್ಟು ಚರ್ಮ ತಾಮ್ರದ ಬಣ್ಣಕ್ಕೆ ತಿರುಗಿತ್ತು.

ಡಾಕ್ಟರು ಕೈ ತೊಳೆಯುವಾಗ ನೀರು ಹಾಕುತ್ತಾ ಹೇಳಿದಳು, “ಗೆರಿ ದಾಟೈತ್ರಿ.”

“ನನಗ ಹೇಳಿ ಏನ ಮಾಡ್ತಿ? ಆಕಿ ಗಂಡಗ ಹೇಳು. ಹೋದ ವರ್ಷ ಒಬ್ಬನ ಕಾಲ ಒಪ್ಪಿಗಿ ಇಲ್ಲದ ಕೊಯ್ದೆ. ಬದುಕಿದ. ಬದುಕಿದಾಂವನ ಅಣ್ಣತಮ್ಮರು ಬಂದು ಕಿಟಕಿ ಒಡದ್ರು, ಅರ್ಜಿ ಹಾಕಿದ್ರು. ಆರ ತಿಂಗಳು ಚೌಕಶಿ. ಮರ್ತಿಯೇನು?”

ಮರೆತಿರಲಿಲ್ಲ. ಒಡೆದ ಗಾಜು ಆರಿಸಿದ್ದು ಅವಳೇ.

“ಗಂಡನ ಹೆಬ್ಬೆಟ್ಟ ಬೇಕ್ರಿ, ಖರೇ. ಆಕಿದು?”

“ಆಕಿದು ಏನು?”

“ಕೈ ಆಕಿದೈತೆಲ್ರಿ. ಆಕಿನ್ನ ಯಾರೂ ಕೇಳಿಲ್ಲ.”

ರಾಚಪ್ಪ ಡಾಕ್ಟರು ಸಾಬೂನು ಹಚ್ಚುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಐದು ವರ್ಷದಲ್ಲಿ ಮೊದಲ ಸಲ ನೋಡಿದ್ದೇನೋ.

“ಕೇಳು. ಆಕಿ ಒಪ್ಪಿ, ಕಾರಕೂನ ಭೀಮಶಾ ಕಾಗದ ಮಾಡಿ ಕೊಟ್ಟರ, ನಾ ಈಗಲೇ ತಯಾರ,” ಅಂದರು. ಅಷ್ಟರಲ್ಲಿ ಡಬ್ಬಿ ಬಂತು. ಕೈ ಒರೆಸಿಕೊಂಡು ಊಟಕ್ಕೆ ಹೋದರು. ಒಂದು ಜೀವದ ಜವಾಬ್ದಾರಿ ನೆಲ ಒರೆಸುವವಳ ಕೈಗೆ ಬಂತು, ಚಿಂದಿ ಬಟ್ಟೆಯ ಜೊತೆಗೆ.

ಚಂದ್ರಭಾಗಾ ಗೋಡೆಗೆ ಒರಗಿ ಕೂತಿದ್ದಳು. ಜ್ವರಕ್ಕೆ ತುಟಿ ಒಡೆದಿದ್ದವು. ಪುತಳಾಬಾಯಿ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

“ಯವ್ವಾ, ನಿನ್ನ ಗಂಡ ಹೂ ಕೇಳಾಕ ಹೋಗ್ಯಾನ. ಅಂವ ಬರೂತನಾ ನೀ ಇರೂದಿಲ್ಲ. ಇದು ಡಾಕ್ಟರ ಮಾತಲ್ಲ, ನನ್ನ ಮಾತು. ಇಂಥಾ ಕೈ ನಾ ಬಾಳ ನೋಡೀನಿ.”

ಚಂದ್ರಭಾಗಾ “ಕೈ ಹೋದ್ರ ಅಂವ ಇನ್ನೊಬ್ಬಾಕಿನ್ನ ತರ್ತಾನ,” ಅಂದಳು.

“ಸತ್ತರ ತರೂದಿಲ್ಲೇನು?”

“ಸತ್ತರ ನಾ ನೋಡೂದಿಲ್ಲಲ್ಲ.”

ಪುತಳಾಬಾಯಿಗೆ ನಗು ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಚಂದ್ರಭಾಗಾಳೇ ಮುಂದುವರಿಸಿದಳು. “ಆವತ್ತು ನಸುಕಿನ್ಯಾಗ ಎದ್ದು ಎರಡ ಪಾಯಲಿ ಜ್ವಾಳ ಬೀಸಿದ್ದೆ. ಆಮ್ಯಾಲ ಅಡಗಿ, ಕುರಿ ಹಟ್ಟಿ ಕಸ. ಗಾಣಕ್ಕ ಕಬ್ಬ ಹಾಕಾಕ ಕುಂತಾಗ ಕಣ್ಣ ಮುಚ್ಚಿ ಬಂತು. ಎತ್ತ ತಿರಗೂ ಸಪ್ಪಳ ಜೋಗುಳ ಇದ್ದಂಗ ಇರತೈತಿ ನೋಡು. ಎಲ್ಲಾರೂ ಅಂದ್ರು, ಲಕ್ಷ್ಯ ಇಲ್ಲ ಅಂತ. ನಾನೂ ಅದನ್ನ ಅಂದ್ಕೊಂಡೆ.” ತುಟಿ ಸವರಿಕೊಂಡು, ಕೊಳೆತ ಕೈಯ ಕಡೆ ನೋಡಿ, “ಕೊಯ್ಯಾಕ ಹೇಳು,” ಅಂದಳು. “ಈ ವಾಸನಿ ನನಗ ತಡಿಯಾಕ ಆಗವಲ್ತು. ನನ್ನ ಕೈನೇ ನನಗ ಹೇಸಿಕಿ ಆಗೇತಿ.”

ಕಾರಕೂನ ಭೀಮಶಾನ ಕೋಣೆ ವರಾಂಡದ ಆ ತುದಿಗೆ. ಅವನು ಪುತಳಾಬಾಯಿಯ ಕೈಯಿಂದ ಕಾಗದ ತೆಗೆದುಕೊಳ್ಳುತ್ತಿರಲಿಲ್ಲ, ಮೇಜಿನ ಮೇಲೆ ಇಡಿಸಿ ಎತ್ತಿಕೊಳ್ಳುತ್ತಿದ್ದ. ಆಪರೇಷನ್ ಕೋಣೆಯ ಹೊಲಸು ಅಂಟೀತು ಎನ್ನುತ್ತಿದ್ದ. ಅವಳು ಆ ಕೋಣೆಗೆ ಬರುವ ಮೊದಲು, ವಾರ್ಡು ಗುಡಿಸುವಾಗಲೂ, ಹಾಗೇ ಮಾಡುತ್ತಿದ್ದ.

ಪುತಳಾಬಾಯಿ ವಿಷಯ ಹೇಳಿದಳು. ಭೀಮಶಾ ಕಾಗದ ತೆಗೆದ, ಲೇಖಣಿ ಅದ್ದಿದ, ಬರೆಯಲು ಹೋಗಿ ನಿಲ್ಲಿಸಿದ.

“ಸಹಿ ಮಾಡ್ತಾಳೇನು?”

“ಸಾಲಿ ಕಲ್ತಿಲ್ರಿ. ಹೆಬ್ಬೆಟ್ಟು.”

“ಯಾವ ಕೈದು?”

“ಎಡಗೈದು.”

“ಹ್ಯಾಂಗ ಆಗತೈತಿ? ಗಂಡಸರದು ಎಡಗೈ, ಹೆಣ್ಣಮಕ್ಕಳದು ಬಲಗೈ. ಎಲ್ಲಾ ಕಾಗದದಾಗೂ ಹಂಗೇ. ಎಡಗೈ ಒತ್ತಿಸಿ, ನಾಳಿ ಗಂಡ ಬಂದು ‘ಇದು ನನ್ನ ಹೆಂಡ್ತಿ ಹೆಬ್ಬೆಟ್ಟಲ್ಲ, ಯಾವನೋ ಗಂಡಸಿಂದು’ ಅಂದ್ರ ಜಬಾಬ ಯಾರು ಕೊಡಾವ್ರು? ನೀ ಕೊಡ್ತಿ?”

“ಬಲಗೈನ ಕೊಳತೈತ್ರಿ ಸಾಹೇಬ್ರ. ಅದನ್ನ ಕೊಯ್ಯಾಕನ ಈ ಕಾಗದ.”

“ಹಂಗಾದ್ರ ಗಂಡ ಬರ್ಲಿ. ನಿಯಮ ಅಂದ್ರ ನಿಯಮ.” ಭೀಮಶಾ ಲೇಖಣಿ ಕೆಳಗಿಟ್ಟ. “ನಿನ್ನ ಕೆಲಸ ನೆಲಾ ಒರಸೂದು ಮಾವಶಿ. ಕಾಗದ ನಾ ನೋಡ್ಕೊಂತೀನಿ.”

ಪುತಳಾಬಾಯಿ ಅವನ ಮೇಜಿನ ಮೇಲಿನ ಶಾಯಿಯ ಪೆಟ್ಟಿಗೆ ನೋಡಿದಳು. ಅವನ ಇಸ್ತ್ರಿ ಮಾಡಿದ ಧೋತರ ನೋಡಿದಳು. ಅದನ್ನು ಒಗೆದವಳು ಯಾರೋ, ನಿರಿಗೆ ಕೆಡದಂತೆ ಮಡಿಚಿ ಇಟ್ಟವಳು ಯಾರೋ. ಈ ಮನುಷ್ಯ ಹುಟ್ಟಿದಾಗಿನಿಂದ ಯಾವ ಹೊಲಸನ್ನೂ ತನ್ನ ಕೈಯಿಂದ ಮುಟ್ಟಿಲ್ಲ, ಮುಟ್ಟಿದವರನ್ನೂ ಮುಟ್ಟಿಲ್ಲ.

“ಖರೇ ಅಂದ್ರಿ,” ಅಂದಳು. “ನಿಯಮ ಬಿಡಬಾರ್ದು. ಬಲಗೈದೇ ತಗೊಳ್ರಿ. ಬೆರಳ ಇನ್ನೂ ಅದಾವು. ಆದ್ರ ನಾ ಒತ್ತಿಸಿದ್ರ ಆಗೂದಿಲ್ಲ, ಕಾರಕೂನರ ಮುಂದ, ಕಾರಕೂನರ ಕೈಲೇ ಆಗಬೇಕಲ್ರಿ? ಬರ್ರಿ.”

ಭೀಮಶಾ ಅವಳ ಮುಖ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ. ಬಾಗಿಲ ಹೊರಗೆ ನಾಲ್ಕು ಮಂದಿ ನಿಂತು ಕೇಳುತ್ತಿದ್ದರು. ಹೋಗದೆ ವಿಧಿಯಿರಲಿಲ್ಲ. ಕಾಗದ, ಶಾಯಿ ಪೆಟ್ಟಿಗೆ ಹಿಡಿದು ಅವಳ ಹಿಂದೆ ಬಂದ.

ಪುತಳಾಬಾಯಿ ಚಂದ್ರಭಾಗಾಳ ಪಕ್ಕದಲ್ಲಿ ಮಣೆ ಹಾಕಿದಳು. “ಕುಂದರ್ರಿ ಸಾಹೇಬ್ರ.” ಕೂತ. ಅವಳು ಪಟ್ಟಿ ಬಿಚ್ಚತೊಡಗಿದಳು. ಅವಸರ ಮಾಡಲಿಲ್ಲ. ಒಂದೊಂದು ಸುತ್ತು ಬಿಚ್ಚಿದಂತೆ ವಾಸನೆ ಒಂದೊಂದು ಹೆಜ್ಜೆ ಮುಂದೆ ಬಂತು. ಭೀಮಶಾ ಧೋತರದ ಚುಂಗು ಮೂಗಿಗೆ ಒತ್ತಿಕೊಂಡ. ಕೊನೆಯ ಸುತ್ತು ಚರ್ಮಕ್ಕೆ ಅಂಟಿಕೊಂಡಿತ್ತು, ಎಳೆದಾಗ ಚರ್ಮವೂ ಬಟ್ಟೆಯ ಜೊತೆ ಬಂತು. ಪುತಳಾಬಾಯಿ ಆ ಕೈಯನ್ನು ಕೆಳಗಿನಿಂದ ಎತ್ತಿ, ಹೆಬ್ಬೆರಳನ್ನು ಅವನ ಕಡೆ ತಿರುಗಿಸಿದಳು. ಉಗುರು ಬುಡದಿಂದ ಎದ್ದು ನಿಂತಿತ್ತು.

“ಹಿಡೀರಿ. ಹಗೂರಕ ಹಿಡೀರಿ, ಬೆರಳ ಕಿತ್ತ ಬಂದೀತು. ಕಾಗದದ ಮ್ಯಾಲೆ ಉಳದ್ರ ನಿಮ್ಮ ಫೈಲಿನ್ಯಾಗ ಇಟ್ಕೊಬೇಕಾಗತೈತಿ.”

ಭೀಮಶಾ ಎದ್ದ. ಶಾಯಿ ಪೆಟ್ಟಿಗೆ ಕೈಯಿಂದ ಜಾರಿತು. ವರಾಂಡದ ಕಂಬ ಹಿಡಿದು, ಬೆಳಗಿನ ಚಹಾ, ಮಧ್ಯಾಹ್ನದ ಊಟ ಎಲ್ಲವನ್ನೂ ಅಂಗಳಕ್ಕೆ ಕಕ್ಕಿದ. ಅರ್ಧ ಅಂಗಳಕ್ಕೆ, ಅರ್ಧ ಧೋತರಕ್ಕೆ. ಅವನ ಉಸಿರು ಸರಿಹೋಗುವವರೆಗೆ ಪುತಳಾಬಾಯಿ ಆ ಕೈಯನ್ನು ಹಾಗೇ ಎತ್ತಿ ಹಿಡಿದಿದ್ದಳು.

“ಒತ್ತಿಸ್ರಿ ಸಾಹೇಬ್ರ. ಹೊತ್ತ ಹೊಂಟೈತಿ.”

“ಮುಚ್ಚು! ಮೊದಲ ಮುಚ್ಚು ಅದನ್ನ!”

ಅವನು ಕಂಬಕ್ಕೆ ಕಾಗದ ಒತ್ತಿ ಹಿಡಿದು, ಅವಸರದ ಅಕ್ಷರದಲ್ಲಿ ಬರೆದ: ಬಲಗೈ ಹೆಬ್ಬೆಟ್ಟು ನಿರುಪಯೋಗಿ, ರೋಗಿಯ ಸ್ವಂತ ಇಚ್ಛೆಯಿಂದ ಎಡಗೈ ಹೆಬ್ಬೆಟ್ಟು ತೆಗೆದುಕೊಂಡಿದೆ. ಕೆಳಗೆ ತನ್ನ ಸಹಿ ಹಾಕಿದ. ಕಾಗದವನ್ನು ಅವಳ ಕೈಗೇ ತುರುಕಿ ನಲ್ಲಿಯ ಕಡೆ ಓಡಿದ.

ಚಂದ್ರಭಾಗಾಳ ಎಡಗೈ ಹೆಬ್ಬೆಟ್ಟು ಕಾಗದದ ಮೇಲೆ ಸ್ವಚ್ಛವಾಗಿ ಮೂಡಿತು. ಅಂಗಳದ ವಾಂತಿಯ ಮೇಲೆ ಬೂದಿ ಹಾಕಿ ಎತ್ತಿದವಳು ಪುತಳಾಬಾಯಿ. ಆ ಒಂದು ಸಲ ಮಾತ್ರ ಆ ಕೆಲಸ ಅವಳಿಗೆ ಬೇಸರ ತರಲಿಲ್ಲ.

ನಾಲ್ಕಕ್ಕೆ ಮೇಜಿನ ಮೇಲೆ ಮಲಗಿಸಿದರು. ಮೊಣಕೈ ಉಳಿಯಲಿಲ್ಲ, ಮೇಲೆಯೇ ಕೊಯ್ಯಬೇಕಾಯಿತು. ಚರ್ಮ, ಮಾಂಸ, ಒಂದೊಂದೇ ನಾಳ ಹಿಡಿದು ಕಟ್ಟುವುದು, ಆಮೇಲೆ ಗರಗಸ. ಗರಗಸದ ಸಪ್ಪಳಕ್ಕೆ ಪುತಳಾಬಾಯಿ ಈಗಲೂ ಹಲ್ಲು ಕಚ್ಚುತ್ತಿದ್ದಳು. ಅವಳು ಹಿಡಿದಿದ್ದ ತೋಳು ಒಮ್ಮೆಲೇ ಕೈಗೆ ಹಗುರಾಯಿತು, ಮರುಕ್ಷಣವೇ ಭಾರವಾಯಿತು. ಈಗ ಅದು ಯಾರದ್ದೂ ಅಲ್ಲ. ಬಕೇಟಿಗೆ ಹಾಕುವಾಗ ಅಂಗೈ ಮೇಲೆ ಬಂತು. ಇಡೀ ಕೈ ಕೊಳೆತಿದ್ದರೂ ಬೀಸುಕಲ್ಲಿನ ಗೂಟ ಹಿಡಿದು ಎದ್ದ ಜಡ್ಡುಗಳು ಮಾತ್ರ ಹಾಗೇ ಇದ್ದವು, ಹುಳಕ್ಕೂ ಬೇಡವಾಗಿ. ಅವಳು ಬೇವಿನ ಮರದ ಕೆಳಗೆ ತಗ್ಗು ತೋಡಿ, ಸುಣ್ಣ ಸುರಿದು ಮುಚ್ಚಿದಳು.

ಮರುದಿನ ಮಧ್ಯಾಹ್ನ ಕಾಮಣ್ಣ ಬಂದ. ಹಣೆ ತುಂಬ ಭಂಡಾರ.

“ಹೂ ಬೀಳಲಿಲ್ಲರಿ,” ಅಂದ. “ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಅಂಟಕೊಂಡ ಕುಂತತು. ದೇವರು ಮಾತಾಡವಲ್ಲ, ಅಮಾಸಿಗೆ ಮತ್ತ ಕೇಳೂಣು ಅಂದ್ರು ಹಿರ್ಯಾರು. ಅಲ್ಲಿತನಾ ಇಲ್ಲೇ ಇಟ್ಕೊರಿ.”

ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನವಿತ್ತು. ರೇವಮ್ಮ ಸಿಸ್ಟರ್ ಮಂಚದ ಕಡೆ ಬೆರಳು ತೋರಿಸಿದರು. ಕಾಮಣ್ಣ ಹೋಗಿ ನೋಡಿದ. ಪಟ್ಟಿ ಸುತ್ತಿದ ಮೋಟು ತೋಳು ನೋಡಿ ಮುಖ ಸಿಂಡರಿಸಿದ.

“ಯಾರನ್ನ ಕೇಳಿ ಕೊಯ್ದ್ರು?”

“ನನ್ನ,” ಅಂದಳು ಚಂದ್ರಭಾಗಾ.

ಅವನು ತಂದಿದ್ದ ಬುತ್ತಿಯನ್ನು ತಾನೇ ಅಂಗಳದಲ್ಲಿ ಬಿಚ್ಚಿ ಉಂಡ. “ಅಪ್ಪನ ಕೇಳಿ ಬರ್ತೀನಿ” ಎಂದು ಹೇಳಿ ಹೋದ.

ಡಾಕ್ಟರು ಗಾಯ ನೋಡಿ ಹುರುಪಾದರು. ಜ್ವರ ಇಳಿದಿತ್ತು. “ಇನ್ನ ಚಿಂತಿ ಇಲ್ಲ. ಚಲೋ ಉಣ್ಣಬೇಕು, ಅಷ್ಟ. ಉಣ್ಣದಿದ್ರ ಗಾಯ ಕೂಡೂದಿಲ್ಲ, ಮತ್ತ ಕೊಳೀತೈತಿ,” ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು.

ಚಂದ್ರಭಾಗಾ ಉಣ್ಣಲಿಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ. ತಾಟು ಬಂದ ಹಾಗೇ ಹೋಗುತ್ತಿತ್ತು. ರೇವಮ್ಮ ಸಿಸ್ಟರ್ ಒಮ್ಮೆ ಚಮಚದಿಂದ ಗಂಜಿ ಹಾಕಲು ನೋಡಿದರು. ಆಮೇಲೆ ಅವರಿಗೂ ನಲವತ್ತು ಮಂಚಗಳಿದ್ದವು. ಮೂರನೆಯ ದಿನ ಮಧ್ಯಾಹ್ನ ಪುತಳಾಬಾಯಿ ಪ್ರಯೋಜನವಿಲ್ಲದ ಸಿಟ್ಟು ಹೊತ್ತುಕೊಂಡು ಬಂದು ಮಂಚದ ಮುಂದೆ ನಿಂತಳು.

“ಇಷ್ಟೆಲ್ಲಾ ಮಾಡಿ ಈಗ ಹಸದ ಸಾಯಾಕ ಕುಂತೀಯೇನು? ಗಂಡನ ಸಲುವಾಗಿ?”

“ಗಂಡನ ಸಲುವಾಗಿ ಅಲ್ಲ.” ಚಂದ್ರಭಾಗಾ ಗೋಡೆಯ ಕಡೆ ಮುಖ ಮಾಡಿದಳು. “ಯಾವ ಕೈಲೆ ಉಣ್ಲಿ? ಇದೊಂದ ಉಳದೈತಿ. ಹಿಂದ ಕುಂಡಿ ತೊಳಿಯೂದು ಇದರಲೇ, ಮುಂದ ತುತ್ತ ಎತ್ತೂದೂ ಇದರಲೇನು? ನಾಯಿನೂ ಹಂಗ ಉಣ್ಣೂದಿಲ್ಲ. ಬಾಯತನಾ ತಂದ್ರ ಒಳಗಿಂದು ಹೊರಗ ಬರತೈತಿ.”

ಹುಳ ಕಂಡು, ಕೀವು ಕಂಡು ಮುಖ ತಿರುಗಿಸದ ಪುತಳಾಬಾಯಿಯೂ, ಎಡಗೈಯಿಂದ ತುತ್ತು ಎತ್ತುವುದನ್ನು ನೆನೆದು ಮುಖ ಆಚೆ ತಿರುಗಿಸಿದಳು. ಹುಟ್ಟಿದಾಗಿನಿಂದ ತಾಯಿ ಆ ಕೈಯ ಮೇಲೆ ಹೊಡೆದು ಹೊಡೆದು ಕಲಿಸಿದ್ದು. ಅವಳೂ ತನ್ನ ಮಕ್ಕಳಿಗೆ ಹೊಡೆದಿದ್ದಳು.

ಹೊರಗೆ ಹೋಗಿ ತಂಬಿಗೆ ನೀರು, ಸಾಬೂನು ತಂದಳು. ಚಂದ್ರಭಾಗಾಳ ಎಡಗೈಯನ್ನು ಬೋಗುಣಿಯೊಳಗೆ ಹಿಡಿದು, ಡಾಕ್ಟರು ಆಪರೇಷನ್ನಿಗೆ ತೊಳೆದುಕೊಳ್ಳುವ ಹಾಗೆ, ಉಗುರಿನ ಸಂದಿಯಿಂದ ಮೊಣಕೈವರೆಗೆ ತಿಕ್ಕಿದಳು. ಆಮೇಲೆ ತನ್ನ ಎಡಗೈಯನ್ನೂ ಹಾಗೇ ತೊಳೆದಳು. ದವಾಖಾನೆಯ ತಾಟು ಇಬ್ಬರ ನಡುವೆ ಇಟ್ಟು ನೆಲದ ಮೇಲೆ ಕೂತಳು. ಎಡಗೈಯಿಂದ ಭಕ್ಕರಿ ಮುರಿಯಲು ಹೋದಳು. ಬೆರಳು ಮಾತು ಕೇಳಲಿಲ್ಲ. ಭಕ್ಕರಿ ಜಾರಿ ತೊಡೆಯ ಮೇಲೆ ಬಿತ್ತು.

“ಥೂ,” ಅಂದಳು.

“ನಿನಗ್ಯಾಕಬೇ ಈ ಹೊಲಸ ಕೆಲಸಾ? ನಿನ್ನ ಬಲಗೈ ನೆಟ್ಟಗೈತೆಲ್ಲ.”

“ಐತಿ. ಊರಮಂದಿ ರಾಡಿ ಬಳದು ಬಳದು ಅದೂ ಒಂದಿನ ಸವೀತೈತಿ. ಈಗಿಂದ ರೂಢಿ ಮಾಡ್ಕೊಳ್ಳಾಕತ್ತೀನಿ.”

ಚಂದ್ರಭಾಗಾಳ ಗಂಟಲಿನಿಂದ ನಗೆಯೋ ಕೆಮ್ಮೋ ತಿಳಿಯದ ಸಪ್ಪಳ ಬಂತು. ಪುತಳಾಬಾಯಿ ಭಕ್ಕರಿಯನ್ನು ಬೇಳೆಯಲ್ಲಿ ಅದ್ದಿ, ಮುಖ ಕಿವುಚಿಕೊಂಡು, ಎಡಗೈಯಿಂದಲೇ ಬಾಯಿಗೆ ಇಟ್ಟುಕೊಂಡಳು. ಅಗಿಯುವುದಕ್ಕೆ ಹೊತ್ತು ಹಿಡಿಯಿತು. ಪಕ್ಕದ ಮಂಚದವಳು ನೋಡಿ ಅಸಹ್ಯಪಟ್ಟು ಆಚೆ ತಿರುಗಿದಳು.

ಚಂದ್ರಭಾಗಾ ಕೈ ಚಾಚಿದಳು. ಮೊದಲ ತುತ್ತಿಗೆ ಕಣ್ಣು ಮುಚ್ಚಿಕೊಂಡಳು. ಓಕರಿಕೆ ಬಂತು, ತಡೆದಳು, ನುಂಗಿದಳು. ಎರಡನೆಯ ತುತ್ತಿಗೆ ಕಣ್ಣು ಮುಚ್ಚಲಿಲ್ಲ. ಮೂರನೆಯದಕ್ಕೆ, “ಬ್ಯಾಳ್ಯಾಗ ಉಪ್ಪ ಇಲ್ಲ,” ಅಂದಳು.

“ಇರೂದಿಲ್ಲ ಇಲ್ಲಿ,” ಎಂದು ಹೇಳಿ ಪುತಳಾಬಾಯಿ ಉಪ್ಪು ತರಲು ಎದ್ದಳು.